ಆಟದ ದೋಣಿಗೆ ನೀರಿನ ತಂಪು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಆಟದ ದೋಣಿಯ ಮೇಲೂ ಒಂದು ಭಾಷಣವೇ ಎಂದು ತಮ್ಮಲ್ಲಿ ಕೆಲವರು ನಗಬಹುದು. ಆದರೆ ಮೂವರು ಗೆಳೆಯರು ಸಂಬಳದಲ್ಲಿ ತಿಂಗಳು ತಿಂಗಳೂ ಉಳಿಸಿ ಕೊಂಡ ಸಾಮಾನು ಕೆರೆಯ ನಡುವೆ ಹೊಗೆಯಾಗಿ ಹೋದಾಗ ನಗು ಬರುವುದಿಲ್ಲ. ನಮಗೆ ಹಾಗಾದದ್ದು ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲದ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಆ ಅನುಭವವನ್ನು ತಮ್ಮ ಮುಂದಿಡಲು ಬಂದಿದ್ದೇವೆ.

ಬ್ಯಾಟರಿಯಿಂದ ಓಡುವ ದೋಣಿಯಲ್ಲಿ ಬ್ಯಾಟರಿಗೂ ಮೋಟಾರಿಗೂ ನಡುವೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಸಾಮಾನು ಇರುತ್ತದೆ. ಅದೇ ವೇಗ ನಿಯಂತ್ರಕ, ಅಂಗಡಿಯಲ್ಲಿ ಇ.ಎಸ್.ಸಿ. ಎಂದು ಕೇಳಬೇಕು. ಅದರೊಳಗೆ ಮಾಸ್‌ಫೆಟ್ ಎಂಬ ಸಣ್ಣ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ಮೋಟಾರಿನ ವೇಗವನ್ನು ಹಿಡಿತದಲ್ಲಿಡುತ್ತವೆ. ಈ ದಾರಿಯಲ್ಲಿ ಸ್ವಲ್ಪ ವಿದ್ಯುತ್ತು ಶಾಖವಾಗಿ ನಷ್ಟವಾಗುತ್ತದೆ. ಲೆಕ್ಕ ಸರಳ: ಪ್ರವಾಹವನ್ನು ಅದರಿಂದಲೇ ಗುಣಿಸಿ, ಬಂದುದನ್ನು ತಡೆಯಿಂದ ಗುಣಿಸಬೇಕು. ತಡೆ 2 ಮಿಲಿ ಓಮ್ ಇದ್ದು 40 ಆಂಪಿಯರ್ ಹರಿದರೆ 3.2 ವಾಟ್ ಶಾಖ. 80 ಆಂಪಿಯರ್ ಹರಿದರೆ ಎರಡರಷ್ಟಲ್ಲ, ನಾಲ್ಕರಷ್ಟು: 12.8 ವಾಟ್. ಸ್ವಿಚ್ಚು ತೆರೆದು ಮುಚ್ಚುವಾಗ ಆಗುವ ನಷ್ಟ ಇದರ ಮೇಲೆ ಬೇರೆ.

ನಾವು ಮೊದಲು ಹಾಕಿದ್ದು ಆಟದ ವಿಮಾನಕ್ಕಾಗಿ ಮಾಡಿದ ನಿಯಂತ್ರಕ. ಬೆಲೆ ಕಡಿಮೆ ಎಂದು ಕೊಂಡೆವು. ವಿಮಾನದಲ್ಲಿ ಅದಕ್ಕೆ ಸದಾ ಗಾಳಿ ಬೀಸುತ್ತದೆ. ದೋಣಿಯಲ್ಲಾದರೋ ನೀರು ಸಿಡಿಯಬಾರದೆಂದು ಮುಚ್ಚಳ ಹಾಕಿ ಅಂಚಿಗೆ ಪಟ್ಟಿ ಅಂಟಿಸುತ್ತೇವೆ. ಒಳಗಿನ ಶಾಖ ಒಳಗೇ ಉಳಿಯುತ್ತದೆ. ಕೆಲವು ನಿಮಿಷಗಳಲ್ಲಿ ಅದು ಸುಟ್ಟಿತು. ರಿಸೀವರಿಗೂ ಅದರ ಮೂಲಕವೇ ವಿದ್ಯುತ್ತು ಹೋಗುತ್ತಿದ್ದುದರಿಂದ ಚುಕ್ಕಾಣಿಯೂ ನಿಂತಿತು. ದೋಣಿಯನ್ನು ಗಾಳಿ ದಡಕ್ಕೆ ತಳ್ಳುವತನಕ ಕಾದು ಕುಳಿತೆವು. ಇಂಥ ಸಮಯದಲ್ಲಿ ಯಾರೂ ನೀರಿಗಿಳಿಯಬಾರದು; ದೋಣಿ ಹೋದರೆ ಮತ್ತೊಂದು ಬರುತ್ತದೆ.

ಸುತ್ತಲೂ ನೀರಿರುವಾಗ ಅದನ್ನೇ ಏಕೆ ಬಳಸಬಾರದು? ಹರಿಯುವ ನೀರು ಸೆಕೆಂಡಿಗೆ 5 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಮಚದಷ್ಟು, ಇದ್ದರೆ 10 ವಾಟ್ ಶಾಖವನ್ನು ಹೊತ್ತೊಯ್ದರೂ ಅದು ಬಿಸಿಯಾಗುವುದು ಅರ್ಧ ಡಿಗ್ರಿಯಷ್ಟೇ. ಆದ್ದರಿಂದ ನೀರಿಗೆ ಕೊರತೆಯಿಲ್ಲ. ಮುಖ್ಯವಾದುದು ತಾಗುವಿಕೆ. ಮಗುವಿಗೆ ಕೊಡುವ ಬಿಸಿ ಹಾಲಿನ ಲೋಟವನ್ನು ನೀರಿನ ತಟ್ಟೆಯಲ್ಲಿ ಇಡುತ್ತೇವೆ. ಲೋಟ ನೀರಿಗೆ ಚೆನ್ನಾಗಿ ತಾಗಿದರೆ ತಾನೇ ಹಾಲು ಆರುವುದು?

ಈಗ ಕೆಲಸದ ಕ್ರಮ. ಮೊದಲು ಬ್ಯಾಟರಿ ಬಿಡಿಸಿರಿ. ನಿಯಂತ್ರಕದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಂಚಿನಲ್ಲಿ ನಿಧಾನವಾಗಿ ಕೊಯ್ದು ತೆಗೆಯಿರಿ. ಒಂದು ಮಗ್ಗುಲಿಗೆ ಅಲ್ಯುಮಿನಿಯಂ ತಗಡು, ಅದರ ಕೆಳಗೆ ಮೆತ್ತನೆಯ ಹಾಳೆ ಇರುತ್ತದೆ. ಆ ಹಾಳೆಯನ್ನು ಕೀಳಬೇಡಿರಿ. ಶಾಖವನ್ನು ಬಿಟ್ಟು ವಿದ್ಯುತ್ತನ್ನು ತಡೆಯುವುದು ಅದೇ. ಲೋಹ ನೇರವಾಗಿ ತಾಗಿದರೆ ಶಾರ್ಟ್ ಆಗುತ್ತದೆ.

4 ಮಿಲಿಮೀಟರ್ ಹಿತ್ತಾಳೆ ಕೊಳವೆಯನ್ನು ಮಂಕು ಕೆಂಪು ಬರುವಂತೆ ಕಾಯಿಸಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಒಣಗಿದ ಪುಡಿ ಉಪ್ಪನ್ನು ಒತ್ತಿ ತುಂಬಿ, ಎರಡು ಬಾಯಿಗಳನ್ನೂ ಮುಚ್ಚಿ, ದುಂಡನೆಯ ಸಲಾಕೆಗೆ ಸುತ್ತಿ ಲಾಳದ ಆಕಾರಕ್ಕೆ ಬಗ್ಗಿಸಿರಿ. ಉಪ್ಪು ಒಳಗಿದ್ದರೆ ಕೊಳವೆ ಚಪ್ಪಟೆಯಾಗಿ ಮುಚ್ಚಿಕೊಳ್ಳುವುದಿಲ್ಲ. ಆಮೇಲೆ ನೀರು ಬಿಟ್ಟರೆ ಕರಗಿ ಹೋಗುತ್ತದೆ. ತಾಗುವ ಮಗ್ಗುಲನ್ನು ಅರದಿಂದ ಸ್ವಲ್ಪವೇ ಸಮಮಾಡಿ, ಶಾಖ ಹರಿಸುವ ಎಪಾಕ್ಸಿಯಿಂದ ತಗಡಿಗೆ ಅಂಟಿಸಿರಿ. ಅಂಟು ತೆಳುವಾಗಿರಲಿ. ಸಿಲಿಕೋನ್ ಕೊಳವೆಯ ಜೋಡಣೆಗಳು ನಿಯಂತ್ರಕದ ಮೇಲೆ ಬಾರದೆ ದೂರವಿರಲಿ. ಒಂದು ಹನಿ ಸೋರಿದರೂ ಅದರ ಮೇಲೆ ಬೀಳಬಾರದು.

ನೀರು ಹಿಡಿಯುವ ಬಾಯಿಯನ್ನು ಪ್ರೊಪೆಲರಿನ ಹಿಂದೆ ಇಡಬೇಕು. ಅಲ್ಲಿ ನೀರು ತಾನಾಗಿಯೇ ನುಗ್ಗುತ್ತದೆ. ಮೊದಲು ನಿಯಂತ್ರಕಕ್ಕೆ, ಆಮೇಲೆ ಮೋಟಾರಿಗೆ ಹೋಗಲಿ. ಹೊರಬರುವ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ದಡದಿಂದ ನೋಡಿದಾಗ ಧಾರೆ ಕಾಣದಿದ್ದರೆ ದಾರಿಯಲ್ಲಿ ಪಾಚಿ ಸಿಕ್ಕಿದೆ ಎಂದು ತಿಳಿದು ದೋಣಿಯನ್ನು ಕೂಡಲೇ ಕರೆಸಿರಿ. ಉಪ್ಪು ನೀರಿನಲ್ಲಿ ಓಡಿಸಿದ ಮೇಲೆ ಸಿಹಿನೀರಿನಿಂದ ತೊಳೆಯುವುದು ತಪ್ಪದಿರಲಿ.

ಇಷ್ಟೆಲ್ಲ ನಾವು ಮಾಡಿದೆವು. ದೋಣಿ ಚೆನ್ನಾಗಿಯೇ ಓಡಿತು. ಆಗ ನಮಗೆ ಗರ್ವ ಬಂದಿತು. ನೀರಿನ ತಂಪು ಇದೆಯಲ್ಲ ಎಂದು 40 ಮಿಲಿಮೀಟರ್ ಪ್ರೊಪೆಲರ್ ತೆಗೆದು 44ರದನ್ನು ಹಾಕಿದೆವು. ನಾಲ್ಕು ಮಿಲಿಮೀಟರ್ ತಾನೇ ಎನಿಸಿತು. ಆದರೆ ಅದೇ ಆಕಾರದ ಪ್ರೊಪೆಲರನ್ನು ಅದೇ ಸುತ್ತಿನಲ್ಲಿ ತಿರುಗಿಸಲು ಬೇಕಾದ ಶಕ್ತಿ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. ಶಕ್ತಿ ಸುಮಾರು 1.6 ಪಟ್ಟು, ನಿಯಂತ್ರಕದ ಶಾಖ ಸುಮಾರು 2.6 ಪಟ್ಟು! ಹೊರಬರುತ್ತಿದ್ದ ನೀರು ತಣ್ಣಗೇ ಇತ್ತು, ಒಳಗೆ ನಿಯಂತ್ರಕ ಸುಟ್ಟಿತು. ಸ್ವಿಚ್ಚಿಗೂ ನೀರಿಗೂ ನಡುವೆ ಹಾಳೆ, ತಗಡು, ಅಂಟು ಇವೆ. ಶಾಖ ಅವನ್ನೆಲ್ಲ ದಾಟುವುದಕ್ಕೆ ಒಂದು ಮಿತಿ ಉಂಟು. ಪಕ್ಕದ ಕೆಪಾಸಿಟರುಗಳಿಗಂತೂ ನಮ್ಮ ಕೊಳವೆ ತಾಗಿಯೇ ಇರಲಿಲ್ಲ.

ಆದ್ದರಿಂದ ಬಂಧುಗಳೇ, ಮೊದಲು ಹೊರೆಯನ್ನು ಅಳೆಯಿರಿ, ಆಮೇಲೆ ನೀರು ಕೊಡಿರಿ. ದೋಣಿ ಓಡುವಾಗ ಹರಿಯುವ ಪ್ರವಾಹವನ್ನು ಬರೆದಿಡುವ ಮೀಟರು ಸಿಗುತ್ತದೆ. ಅದರ ಬೆಲೆ ಸುಟ್ಟ ಎರಡು ನಿಯಂತ್ರಕಗಳಿಗಿಂತ ಕಡಿಮೆ. ಮೀಟರಿಲ್ಲದಿದ್ದರೆ ಒಂದೆರಡು ನಿಮಿಷ ಓಡಿಸಿ, ದಡಕ್ಕೆ ತಂದು, ಬ್ಯಾಟರಿ ಬಿಡಿಸಿ, ನಿಯಂತ್ರಕವನ್ನು ಬೆರಳಿನಿಂದ ಹಗುರಾಗಿ ಮುಟ್ಟಿ ನೋಡಿರಿ. ಬೆರಳು ನಿಲ್ಲದಿದ್ದರೆ ಚಿಕ್ಕ ಪ್ರೊಪೆಲರ್ ಹಾಕಿರಿ.

ನೀರು ಹೊರೆಯನ್ನು ಹೊರುವುದಿಲ್ಲ, ಹೊರುವವನ ಬೆವರನ್ನು ಒರೆಸುತ್ತದೆ, ಅಷ್ಟೇ. ನಮ್ಮ ಮೂರನೆಯ ನಿಯಂತ್ರಕ 40ರ ಪ್ರೊಪೆಲರಿನೊಂದಿಗೆ ಇಂದಿಗೂ ಓಡುತ್ತಿದೆ. ಮುಂದಿನ ಭಾನುವಾರ ಬೆಳಿಗ್ಗೆ ದೋಣಿಯನ್ನು ಇಲ್ಲಿಗೇ ತರುತ್ತೇವೆ. ಮಕ್ಕಳನ್ನು ಕರೆದುಕೊಂಡು ಬನ್ನಿರಿ, ಮುಚ್ಚಳ ತೆಗೆದು ತೋರಿಸುತ್ತೇವೆ.