ಮರದ ಮಾರುತ



ಹಳೆಯ ಯುದ್ಧವಿಮಾನದ ಪ್ರತಿರೂಪವನ್ನು ಮನೆಯಲ್ಲೇ ಕಟ್ಟುವುದೆಂದರೆ ದೂರದೇಶದ ಸಿರಿವಂತರ ಹವ್ಯಾಸ ಎಂದು ನಮ್ಮ ಹಿರಿಯಡ್ಕ, ಕಾಪು ಕಡೆಯವರಿಗೆ ಅನಿಸಬಹುದು. ಆದರೆ ಈ ಹವ್ಯಾಸವನ್ನು ಬೆಳೆಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಶಾಲಾ ಮೇಷ್ಟ್ರು, ಜಾನ್ ಐಸಾಕ್ಸ್. ಹಾಕರ್ ಫ್ಯೂರಿ ಎಂಬ 1930ರ ದಶಕದ ವಿಮಾನವನ್ನು ಅವರು ಹತ್ತರಲ್ಲಿ ಏಳು ಪಾಲಿಗೆ ಇಳಿಸಿ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕಟ್ಟಿದರು. 1963ರಲ್ಲಿ ಅದು ಹಾರಿತು. 1975ರಲ್ಲಿ ಅವರು ಕಟ್ಟಿದ ಸ್ಪಿಟ್‌ಫೈರ್ ಯುದ್ಧವಿಮಾನದ ಪ್ರತಿರೂಪ ಹಾರಿತು. ಅದು ಹತ್ತರಲ್ಲಿ ಆರು ಪಾಲು. ಮೂಲ ವಿಮಾನದ ರೆಕ್ಕೆ ಸುಮಾರು 37 ಅಡಿ, ಇದರದು 22. ಮೂಲದ್ದಕ್ಕೆ ಸಾವಿರ ಅಶ್ವಶಕ್ತಿಯ ಎಂಜಿನ್, ಇದಕ್ಕೆ ನೂರೇ ಸಾಕಾಯಿತು.

ಅಳತೆ ಇಳಿಸುವುದು ಕಾಗದದ ಮೇಲೆ ಸುಲಭ. ವಿಮಾನ ಚಿಕ್ಕದಾಗುತ್ತದೆ, ಒಳಗೆ ಕೂರುವ ಮನುಷ್ಯ ಚಿಕ್ಕವನಾಗುವುದಿಲ್ಲ! ಅವನ ಭುಜ ಹಿಡಿಸಬೇಕು, ತಲೆಗೆ ಮೇಲಿನ ಗಾಜು ತಾಗಬಾರದು, ಆದರೂ ನೋಡಿದವರು ಸ್ಪಿಟ್‌ಫೈರೇ ಅನ್ನಬೇಕು. ಅದೂ ಅಲ್ಲದೆ, ಉದ್ದಗಲ ಹತ್ತರಲ್ಲಿ ಆರು ಪಾಲಿಗೆ ಇಳಿದರೆ ರೆಕ್ಕೆಯ ವಿಸ್ತೀರ್ಣ ಮೂರನೇ ಒಂದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಒಂದೊಂದು ಪಟ್ಟಿಯ ತೂಕವನ್ನೂ ಲೆಕ್ಕ ಇಟ್ಟೇ ಕೂರಿಸಬೇಕು. ಇದನ್ನು ಆಟಿಕೆ ಎನ್ನಲು ನನಗೆ ಮನಸ್ಸಿಲ್ಲ.

1970ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ಜರ್ಮನಿಯ ಫೋಕೆವುಲ್ಫ್ 190 ಯುದ್ಧವಿಮಾನವನ್ನು ಅರ್ಧ ಅಳತೆಯಲ್ಲಿ ಕಟ್ಟಿದರು. ಒಳಗೆ ಮರದ ಚೌಕಟ್ಟು, ಅದರ ಮೇಲೆ ಕೆತ್ತಿ ರೂಪ ಕೊಟ್ಟ ಫೋಮ್, ಹೊರಗೆ ಫೈಬರ್ ಗ್ಲಾಸಿನ ಹೊದಿಕೆ. ಫೈಬರಿನ ಕೆಲಸ ಮಲ್ಪೆಯ ದೋಣಿ ಕಟ್ಟುವವರಿಗೆ ಹೊಸದೇನಲ್ಲ.

ಮೂಲ ಫೋಕೆವುಲ್ಫನ್ನು ವಿನ್ಯಾಸ ಮಾಡಿದವರು ಕುರ್ಟ್ ಟ್ಯಾಂಕ್. ಯುದ್ಧ ಮುಗಿದ ಮೇಲೆ, 1956ರಲ್ಲಿ, ಅದೇ ಟ್ಯಾಂಕ್ ಬೆಂಗಳೂರಿಗೆ ಬಂದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಮ್ಮ ಎಂಜಿನಿಯರುಗಳ ಜೊತೆ ಸೇರಿ ಎಚ್‌ಎಫ್-24 ಮಾರುತ ಎಂಬ ಜೆಟ್ ಯುದ್ಧವಿಮಾನದ ಕೆಲಸ ಹಿಡಿದರು. ಲೋಹದ ವಿಮಾನಕ್ಕೆ ಮೊದಲು ಅಲ್ಲಿ ತಯಾರಾದದ್ದು ಅದರದೇ ಪೂರ್ಣ ಅಳತೆಯ ಮರದ ಗ್ಲೈಡರ್. ಹೆಸರು ಎಕ್ಸ್-241. ಎಂಜಿನ್ ಇಲ್ಲ, ರೆಕ್ಕೆಯ ಆಕಾರ, ಉದ್ದಗಲ ಎಲ್ಲ ಮುಂದೆ ಬರಲಿದ್ದ ಜೆಟ್‌ನದೇ. 1959ರಲ್ಲಿ ಒಂದು ಡಕೋಟಾ ವಿಮಾನ ಹಗ್ಗ ಕಟ್ಟಿ ಇದನ್ನು ಮೇಲಕ್ಕೆ ಎಳೆದೊಯ್ದಿತು. ಹಗ್ಗ ಕಳಚಿದ ಮೇಲೆ ಪೈಲಟ್ ಆ ರೆಕ್ಕೆ ಕಡಿಮೆ ವೇಗದಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸುತ್ತಾ ಇಳಿಯಬೇಕು. ಎಂಥ ಧೈರ್ಯ! ಜೆಟ್ ಮಾರುತ ಹಾರಿದ್ದು 1961ರ ಜೂನ್ 17ರಂದು. 1971ರ ಯುದ್ಧದಲ್ಲಿ ಅದು ರಾಜಸ್ಥಾನದ ಗಡಿಯಲ್ಲಿ ಕೆಲಸಕ್ಕೆ ಬಂತು.

ಬೇರೆಯವರು ಸ್ಪಿಟ್‌ಫೈರ್ ಕಟ್ಟಲಿ, ನಮ್ಮ ಹುಡುಗರು ಮಾರುತ ಕಟ್ಟಬೇಕು ಎಂಬುದು ನನ್ನ ಆಸೆ. ರಥ ಕಟ್ಟುವ ಆಚಾರಿಗಳು ನಮ್ಮ ಜಿಲ್ಲೆಯಲ್ಲಿದ್ದಾರೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ರೇಡಿಯೋ ನಿಯಂತ್ರಣದ ವಿಮಾನ ಕಟ್ಟಿ ಸ್ಪರ್ಧೆಗೆ ಹೋಗುವ ವಿದ್ಯಾರ್ಥಿಗಳ ತಂಡವಿದೆ. ಮಾರುತದ ಉದ್ದ 15.87 ಮೀಟರ್, ರೆಕ್ಕೆ 9 ಮೀಟರ್. ಐದರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ ಮೂರು ಮೀಟರಿಗೆ ತುಸು ಮೇಲೆ; ಮನೆಯ ಚಾವಡಿಯಲ್ಲಿ ಹಿಡಿಸುತ್ತದೆ. ಹಾರಿಸುವುದಾದರೆ ಸರ್ಕಾರದ ನಿಯಮಗಳನ್ನು ಪಾಲಿಸಲೇಬೇಕು, ನಿಲ್ಲಿಸಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಿಜವಾದ ಮಾರುತವನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಕಾಣಬಹುದು. ಕೆಲಸ ಶುರು ಮಾಡುವವರು ಮೊದಲು ಅಲ್ಲಿಗೆ ಹೋಗಿ, ರೆಕ್ಕೆ ಒಡಲಿಗೆ ಸೇರುವ ಜಾಗವನ್ನು ಚೆನ್ನಾಗಿ ನೋಡಿಕೊಂಡು ಬನ್ನಿ.