ಶಾಲೆಯ ಮೆಟ್ಟಿಲು ಹತ್ತದ ಟ್ರಸ್ಟಿ



ಫ್ರೆಡರಿಕ್ ಡಗ್ಲಸ್ ಎಂದೊಡನೆ ನೆನಪಾಗುವುದು ಗುಲಾಮಗಿರಿಯಿಂದ ಪಾರಾಗಿ ಬಂದ ಮಹಾ ವಾಗ್ಮಿ. ಅವರು 1871ರಿಂದ 1895ರಲ್ಲಿ ತೀರಿಕೊಳ್ಳುವವರೆಗೂ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಟ್ರಸ್ಟಿಯಾಗಿದ್ದರು. ಅವರ ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಈ ಸಂಜೆ ನಾನು ಮಾತಾಡಬೇಕೆಂದಿರುವುದು ಆ ಸಾಲುಗಳ ಬಗ್ಗೆ. ವೇದಿಕೆಯ ಭಾಷಣಕ್ಕೆ ಚಪ್ಪಾಳೆ ಸಿಗುತ್ತದೆ. ಆಡಳಿತ ಮಂಡಳಿಯಲ್ಲಿ ವರ್ಷಗಟ್ಟಲೆ ಕೂತು ಒಂದು ಸಂಸ್ಥೆಯ ಬಾಗಿಲು ಮುಚ್ಚದಂತೆ ಕಾಯುವುದಕ್ಕೆ ಯಾರೂ ಕೈತಟ್ಟುವುದಿಲ್ಲ.

ಡಗ್ಲಸ್ ಒಂದು ದಿನವೂ ಶಾಲೆಯಲ್ಲಿ ಕಲಿತವರಲ್ಲ. 1818ರ ಸುಮಾರಿಗೆ ಮೇರಿಲ್ಯಾಂಡಿನಲ್ಲಿ ಗುಲಾಮ ತಾಯಿಗೆ ಹುಟ್ಟಿದರು. ಹುಟ್ಟಿದ ದಿನ ಅವರಿಗೇ ತಿಳಿದಿರಲಿಲ್ಲ. ಬಾಲ್ಟಿಮೋರಿನ ಯಜಮಾನಿ ಸೋಫಿಯಾ ಆಲ್ಡ್ ಅಕ್ಷರ ಹೇಳಿಕೊಡಲು ತೊಡಗಿದಾಗ ಆಕೆಯ ಗಂಡ ತಡೆದ. ಓದು ಬಂದರೆ ಗುಲಾಮ ಹೇಳಿದಂತೆ ಕೇಳುವುದಿಲ್ಲ ಎಂಬುದು ಅವನ ವಾದ. ಹುಡುಗನಿಗೆ ಅಷ್ಟೇ ಸಾಕಾಯಿತು. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಂಡ. ಹದಿಹರೆಯದಲ್ಲಿ ಫ್ರೀಲ್ಯಾಂಡ್ ಎಂಬುವನ ಹೊಲದಲ್ಲಿ ದುಡಿಯುವಾಗ ತಾನೇ ಭಾನುವಾರಗಳಂದು ಗುಟ್ಟಾಗಿ ಶಾಲೆ ನಡೆಸಿದ. ನಲವತ್ತಕ್ಕೂ ಹೆಚ್ಚು ಗುಲಾಮರು ಕಲಿಯಲು ಬರುತ್ತಿದ್ದರು. ಸಿಕ್ಕಿಬಿದ್ದರೆ ಬೆನ್ನಿಗೆ ಚಾಟಿಯೇಟು. ಡಗ್ಲಸರ ವಿದ್ಯಾಸೇವೆ ಶುರುವಾದದ್ದು ಅಲ್ಲಿ ಎಂದೇ ನಾನು ತಿಳಿದಿದ್ದೇನೆ.

1838ರಲ್ಲಿ ಅವರು ತಪ್ಪಿಸಿಕೊಂಡು ಉತ್ತರಕ್ಕೆ ಬಂದರು. ಮುಂದೆ ರೋಚೆಸ್ಟರಿನಲ್ಲಿ ನೆಲೆಸಿ ಪತ್ರಿಕೆ ನಡೆಸಿದರು. 1848ರಲ್ಲಿ ಮಗಳು ರೊಸೆಟ್ಟಾಳನ್ನು ಅಲ್ಲಿನ ಒಂದು ಖಾಸಗಿ ಶಾಲೆಗೆ ಸೇರಿಸಿದರೆ, ಆಕೆಯನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಡಗ್ಲಸ್ ಸುಮ್ಮನಿರಲಿಲ್ಲ, ಪತ್ರಿಕೆಯಲ್ಲಿ ಬರೆದರು, ಊರನ್ನೇ ಎದುರು ಹಾಕಿಕೊಂಡರು. 1857ರ ಹೊತ್ತಿಗೆ ರೋಚೆಸ್ಟರಿನ ಸಾರ್ವಜನಿಕ ಶಾಲೆಗಳು ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿದವು. ಅದೇ 1848ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಜ್ಯೋತಿಬಾ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಡಗ್ಲಸರಿಗೂ ಫುಲೆ ದಂಪತಿಗೂ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ಕಾದಾಟ ಶಾಲೆಯ ಹೊಸ್ತಿಲಲ್ಲೇ ನಡೆಯಿತೆಂಬುದು ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ.

ಹೋವರ್ಡ್ ಹುಟ್ಟಿದ್ದು ಅಂತರ್ಯುದ್ಧ ಮುಗಿದ ಎರಡು ವರ್ಷಕ್ಕೆ, 1867ರಲ್ಲಿ. ಬಣ್ಣ, ಲಿಂಗ ನೋಡದೆ ಎಲ್ಲರಿಗೂ ತೆರೆದಿತ್ತು. ಅಲ್ಲಿ ಕಾನೂನು ಓದಿದ ಷಾರ್ಲಟ್ ರೇ 1872ರಲ್ಲಿ ಅಮೆರಿಕದ ಮೊದಲ ಕಪ್ಪು ವಕೀಲೆಯಾದರು. ಆದರೆ 1873ರ ಆರ್ಥಿಕ ಕುಸಿತ ಈ ಎಳೆಯ ಸಂಸ್ಥೆಯನ್ನು ಹಿಂಡಿಹಾಕಿತು. ಅಧ್ಯಾಪಕರ ಸಂಬಳಕ್ಕೇ ಕತ್ತರಿ ಬಿತ್ತು.

ಅದೇ ಕಾಲದಲ್ಲಿ, ಅಂದರೆ 1874ರ ಮಾರ್ಚಿನಲ್ಲಿ, ಡಗ್ಲಸ್ ಫ್ರೀಡ್‌ಮನ್ಸ್ ಬ್ಯಾಂಕಿನ ಅಧ್ಯಕ್ಷರಾದರು. ಬಿಡುಗಡೆಯಾದ ಗುಲಾಮರು ಬಟ್ಟೆ ಒಗೆದು, ಕೂಲಿ ಮಾಡಿ ಉಳಿಸಿದ ಕಾಸು ಅಲ್ಲಿತ್ತು. ಹಿಂದಿನವರು ಅದನ್ನು ಸಟ್ಟಾ ವ್ಯವಹಾರಗಳಿಗೆ ಸಾಲ ಕೊಟ್ಟು ಒಳಗಿಂದಲೇ ಟೊಳ್ಳು ಮಾಡಿದ್ದರು. ಡಗ್ಲಸ್ ಸ್ವಂತ 10,000 ಡಾಲರ್ ಸಾಲ ಕೊಟ್ಟು ನೋಡಿದರು, ಫಲವಿಲ್ಲ. ಕೆಲವೇ ತಿಂಗಳಲ್ಲಿ ಬ್ಯಾಂಕು ಮುಚ್ಚಿತು. ಸುಮಾರು 61,000 ಠೇವಣಿದಾರರ ಹಣ ಸಿಕ್ಕಿಹಾಕಿಕೊಂಡಿತು. ಪರರ ಹಣ ಕಾಯಬೇಕಾದವರು ಕಾಯದೇ ಹೋದರೆ ಏನಾಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡರು. ಅಂಥ ಪೆಟ್ಟು ತಿಂದವರು ಇನ್ಯಾವ ಮಂಡಳಿಯ ಸಹವಾಸವೂ ಬೇಡ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಡಗ್ಲಸ್ ಹೋವರ್ಡನ್ನು ಬಿಡಲಿಲ್ಲ. ಅವರ ಬಾಳಿನಲ್ಲಿ ನಾನು ಅತ್ಯಂತ ಗೌರವಿಸುವ ನಿರ್ಧಾರ ಇದು.

1879ರಲ್ಲಿ ಸಂಸತ್ತು ವಿಶ್ವವಿದ್ಯಾಲಯಕ್ಕೆ 10,000 ಡಾಲರ್ ಅನುದಾನ ಮಂಜೂರು ಮಾಡಿತು. ಇದನ್ನು ಯಾರೊಬ್ಬರ ಹೆಸರಿಗೂ ಬರೆಯಲಾಗದು. ಸಂಸ್ಥೆಯನ್ನು ಅಲ್ಲಿಯವರೆಗೆ ಉಸಿರಾಡಿಸಿದವರೆಲ್ಲರಿಗೂ ಅದರಲ್ಲಿ ಪಾಲಿದೆ.

ಇದರ ನಡುವೆ ಡಗ್ಲಸ್ ರಾಜಧಾನಿಯ ಮಾರ್ಷಲ್ ಆದರು, ದಸ್ತಾವೇಜುಗಳ ನೋಂದಣಾಧಿಕಾರಿಯಾದರು, ಹೈಟಿಗೆ ರಾಯಭಾರಿಯಾಗಿ ಹೋಗಿಬಂದರು. 1848ರ ಸೆನೆಕಾ ಫಾಲ್ಸ್ ಸಭೆಯಲ್ಲಿ ಮಹಿಳೆಯರ ಮತದಾನದ ಹಕ್ಕಿನ ಪರ ನಿಂತಿದ್ದವರು, ಮಹಿಳಾ ಮಂಡಳಿಯ ಸಭೆಯೊಂದಕ್ಕೆ ಹೋಗಿಬಂದ ದಿನವೇ, 1895ರ ಫೆಬ್ರವರಿ 20ರಂದು, ತೀರಿಕೊಂಡರು. ಆಗಲೂ ಅವರು ಹೋವರ್ಡಿನ ಟ್ರಸ್ಟಿ.

1933ರಲ್ಲಿ ಆ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು ಹೊರಬಂದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಅವರು ವಾದಿಸಿದ ಮೊಕದ್ದಮೆಯಲ್ಲಿ, ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಒಮ್ಮತದ ತೀರ್ಪು ಕೊಟ್ಟಿತು.