ದೋಣಿಯ ಎಣ್ಣೆಟಾಕಿ: ಒಳಗಿನ ನೀರು, ಹೊರಗಿನ ತುಕ್ಕು



ಪುಣೆಗೂ ಡೀಸೆಲ್ ಎಂಜಿನ್ನಿಗೂ ಹಳೆಯ ನಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಇಲ್ಲಿಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರಖಾನೆಯನ್ನು ತೆರೆಯಿತು. ಕಡಲಿಲ್ಲದ ಈ ಊರಿನಲ್ಲಿ ನಾವು ಎಂಜಿನ್ನಿನ ಕೆಲಸ ಕಲಿತೆವು. ಅತ್ತ ಕಾರವಾರ, ಮಲ್ಪೆ, ಮಂಗಳೂರುಗಳಲ್ಲಿ ನಮ್ಮ ಜನ ಡೀಸೆಲ್ ಎಂಜಿನ್ನನ್ನೇ ನಂಬಿ ಕಡಲಿಗೆ ಇಳಿಯುತ್ತಾರೆ. ಎಂಜಿನ್ ಎಷ್ಟು ಗಟ್ಟಿಯಾಗಿದ್ದರೇನು? ಎಣ್ಣೆ ಕೊಡುವ ಉಕ್ಕಿನ ಟಾಕಿ ಕೆಟ್ಟರೆ ನಡುಗಡಲಿನಲ್ಲಿ ದೋಣಿ ನಿಂತೇಬಿಡುತ್ತದೆ.

ಟಾಕಿಯ ವೈರಿ ಡೀಸೆಲ್ ಅಲ್ಲ, ನೀರು. ಸಡಿಲವಾದ ಮುಚ್ಚಳ, ಗಾಳಿಕೊಳವೆ, ಅರೆ ಖಾಲಿ ಟಾಕಿಯ ಒಳಗೋಡೆಯಲ್ಲಿ ಕಟ್ಟುವ ಬೆವರು, ಇವೇ ಅದರ ದಾರಿಗಳು. ನೀರು ಡೀಸೆಲ್ಲಿಗಿಂತ ಭಾರ; ತಳಕ್ಕಿಳಿದು ಉಕ್ಕನ್ನು ತಿನ್ನುತ್ತದೆ. ನೀರೂ ಎಣ್ಣೆಯೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಮ್ಲವನ್ನೂ ಲೋಳೆಯಂಥ ಕೆಸರನ್ನೂ ಮಾಡುತ್ತವೆ. ದೋಣಿ ನಿಂತಿರುವಾಗ ಈ ಕೆಸರು ತಳದಲ್ಲಿ ತೆಪ್ಪಗಿರುತ್ತದೆ. ಅಲೆ ಎದ್ದಾಗ ಕದಡಿ ಫಿಲ್ಟರನ್ನು ಕಟ್ಟುತ್ತದೆ. ಎಂಜಿನ್ ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಡುವುದು ಹೀಗೆ.

ಉಪಾಯ ದೊಡ್ಡದೇನಲ್ಲ. ಬೆಳಿಗ್ಗೆ ಎಂಜಿನ್ ಹೊರಡಿಸುವ ಮೊದಲು ತಳದ ನಳ ತಿರುಗಿಸಿ, ಶುದ್ಧ ಡೀಸೆಲ್ ಬರುವವರೆಗೆ ನೀರನ್ನು ಡಬ್ಬಿಗೆ ಇಳಿಸಬೇಕು, ಕಡಲಿಗೆ ಚೆಲ್ಲಬಾರದು. ಮುಚ್ಚಳದ ರಬ್ಬರು ಸವೆದರೆ ಬದಲಿಸಬೇಕು. ಗಾಳಿಕೊಳವೆಯ ಬಾಯಿ ಎತ್ತರದಲ್ಲಿ ಕೆಳಮುಖವಾಗಿರಬೇಕು. ಒಳಗೆ ಸತುವಿನ ಲೇಪ ಬೇಡ. ಸತುವು ಡೀಸೆಲ್ಲಿನೊಡನೆ ಸೇರಿ ಫಿಲ್ಟರಿಗೆ ತೊಡಕಾಗುವ ಜಿಗುಟನ್ನು ಮಾಡುತ್ತದೆ.

ಹೊರಗಿನ ತುಕ್ಕು ಇನ್ನೂ ಕಳ್ಳ. ಒದ್ದೆ ಮರದ ಮೇಲೋ ನೀರು ಹೀರುವ ಮೆತ್ತೆಯ ಮೇಲೋ ಕೂರಿಸಿದ ಟಾಕಿಯ ತಳ ಯಾರ ಕಣ್ಣಿಗೂ ಬೀಳದೆ ತೂತಾಗುತ್ತದೆ. ಟಾಕಿಯ ಸುತ್ತಲೂ ಕೆಳಗೂ ಗಾಳಿಯಾಡಬೇಕು. ದೋಣಿಯ ತಳದ ನೀರು ಅದಕ್ಕೆ ಮುಟ್ಟಬಾರದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ದಡದಲ್ಲಿರುವ ಆ ಕಾಲದಲ್ಲಿ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಒಣಗಿಸಿ, ಎಪಾಕ್ಸಿ ಬಣ್ಣ ಬಳಿಯಬೇಕು. ತುಕ್ಕಿನ ಮೇಲೆಯೇ ಬಣ್ಣ ಹಚ್ಚುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇದು ದೋಣಿಗಷ್ಟೇ ಅಲ್ಲ, ನಮ್ಮ ಕಾರಖಾನೆಗಳ ಟಾಕಿಗಳಿಗೂ ಸಲ್ಲುತ್ತದೆ. ಖಾಲಿ ಟಾಕಿ ಎಂದು ವೆಲ್ಡಿಂಗ್ ಹಿಡಿಯಬಾರದು. ಗೋಡೆಗೆ ಅಂಟಿದ ಎಣ್ಣೆ ಕಾದು ಆವಿಯಾಗಿ ಸಿಡಿಯುತ್ತದೆ. ಪೂರ್ಣ ತೊಳೆದು, ಆವಿ ಇಲ್ಲವೆಂದು ಉಪಕರಣದಿಂದ ಪರೀಕ್ಷಿಸಿದ ಮೇಲೆಯೇ ಕಿಡಿ. ಮುಚ್ಚಿಟ್ಟ ದೊಡ್ಡ ಟಾಕಿಗೆ ಹಾಗೆಯೇ ಇಳಿಯುವುದಂತೂ ಸಾವಿಗೆ ಇಳಿದಂತೆ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ. ಒಳಗೆ ತುಕ್ಕು ಹಿಡಿಯುವಾಗ ಉಕ್ಕೇ ಅದನ್ನು ನುಂಗಿರುತ್ತದೆ. ವಾಸನೆಯೂ ಇಲ್ಲ, ಮುನ್ಸೂಚನೆಯೂ ಇಲ್ಲ. ಬಿದ್ದವನನ್ನು ಎತ್ತಲು ಧಾವಿಸಿದವನೂ ಅಲ್ಲಿಯೇ ಉರುಳುತ್ತಾನೆ. ಗಾಳಿ ಊದಿಸಿ, ಆಮ್ಲಜನಕ ಅಳೆದು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೊಬ್ಬ ಕಾವಲುಗಾರನನ್ನು ನಿಲ್ಲಿಸದೆ ಯಾರೂ ಇಳಿಯಬಾರದು.

ಬೇಗ ಮುಗಿಸೆಂದು ಯಾರೇ ಅವಸರಪಡಿಸಲಿ, ಇದರಲ್ಲಿ ನಾವು ಒಗ್ಗಟ್ಟಾಗಿ ನಿಲ್ಲೋಣ. ತಡವಾದ ಕೆಲಸವನ್ನು ನಾಳೆ ತುಂಬಿಕೊಳ್ಳಬಹುದು. ಹೋದ ಜೀವವನ್ನು ಯಾವ ಪಾಳಿಯೂ ತಂದುಕೊಡದು.